ಗೌಡರು ಓದದೆ ಹಾಕಿದ ಸಹಿ

ಹೋದ ವಾರ ಅಟ್ಟದ ಮೇಲಿನ ಕಬ್ಬಿಣದ ಟ್ರಂಕನ್ನು ಕೆಳಗಿಳಿಸಿ ಮುಚ್ಚಳ ಎತ್ತಿದೆ. ನುಸಿಗುಳಿಗೆ, ಹಳೆಯ ಕಾಗದ, ಒಣಗಿದ ಶಾಯಿ, ಮೂರೂ ಕೂಡಿದ ವಾಸನೆಯೊಂದು ಮೂಗಿಗೆ ಬಡಿಯಿತು. ನನ್ನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇಷ್ಟು ವರ್ಷ ಇದರಲ್ಲಿ ಏನು ಬಂಗಾರ ಕಾಯ್ದಿರಿ ಎಂದು ಗೊಣಗಿ ಒಳಗೆ ಹೋದಳು. ನಾನು ಉತ್ತರ ಕೊಡಲಿಲ್ಲ. ಮದುವೆಯಾಗಿ ಅರ್ಧ ಶತಮಾನ ಆಗುತ್ತ ಬಂದ ಮೇಲೆ ಯಾವುದಕ್ಕೆ ಉತ್ತರ ಕೊಡಬಾರದು ಎಂಬುದಾದರೂ ತಿಳಿಯಬೇಕಲ್ಲ.

ಟ್ರಂಕು ಇಳಿಸಲು ಕಾರಣ ಒಬ್ಬ ಹುಡುಗಿ. ಹೆಸರು ಸುಜಾತಾ, ಕೊಪ್ಪಳದಲ್ಲಿ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಾಳೆ. ನಮ್ಮ ಗೌಡರ ನೆನಪಿಗೆ ಒಂದು ಸಂಪುಟ ತರುತ್ತಿದ್ದಾರಂತೆ, ಅದಕ್ಕೊಂದು ಸಮಿತಿ ಇದೆಯಂತೆ, ಸಮಿತಿಯಲ್ಲಿ ಕೆಲಸ ಮಾಡುವವಳು ಇವಳೊಬ್ಬಳೇ ಅಂತೆ. ಕೊನೆಯದನ್ನು ಅವಳು ಹೇಳಲಿಲ್ಲ, ಅವಳ ಚೀಲದ ಭಾರ ನೋಡಿ ನಾನೇ ತಿಳಿದುಕೊಂಡೆ. ಗೌಡರು ಶಾಸಕರಾಗಿದ್ದಾಗ, ಮಂತ್ರಿಯಾಗಿದ್ದಾಗ ಅವರ ಖಾಸಗಿ ಬರಹಗಾರ ನಾನು. ಅವರ ಭಾಷಣದ ನೋಟುಬುಕ್ಕು ನನ್ನಲ್ಲಿರಬಹುದೆಂದು ಯಾರೋ ಹೇಳಿ ಕಳಿಸಿದ್ದರು. ಇತ್ತು. ಖಾಕಿ ರಟ್ಟಿನ, ಮೂಲೆ ಮಡಚಿದ ಪುಸ್ತಕ. ತೆಗೆದು ಕೈಗೆ ಕೊಟ್ಟೆ. ಅವಳು ಎರಡು ಪುಟ ತಿರುವಿ, ಬೇಸರ ತೋರಿಸದೆ ಮಡಚಿ ನನ್ನ ಮುಂದಿಟ್ಟಳು.

“ಇದು ಉರ್ದು ಐತ್ರಲ್ಲ ಸರ್. ನಮಗ ಗೌಡ್ರ ಕನ್ನಡ ಭಾಷಣ ಬೇಕಾಗಿದ್ವು.”

ನಾನು ಕನ್ನಡಕ ಹಾಕಿಕೊಂಡು ಪುಸ್ತಕವನ್ನು ಅವಳು ಹಿಡಿದದ್ದಕ್ಕೆ ವಿರುದ್ಧದ ಕಡೆಯಿಂದ ತೆರೆದೆ. ಬಲಗಡೆಯಿಂದ ಬೆರಳಿಟ್ಟು ಓದಿದೆ. ‘ಯಲಬುರ್ಗಿ ತಾಲೂಕಿನ ನನ್ನ ತಾಯಂದಿರೇ, ಅಣ್ಣತಮ್ಮಂದಿರೇ, ಈ ಸಲ ಮಳೆ ಹೋದರೂ ನಾನು ಎಲ್ಲಿಗೂ ಹೋಗಿಲ್ಲ ಎಂದು ತಿಳಿಸಲಿಕ್ಕೆ ಬಂದಿದ್ದೇನೆ.’ ಹುಡುಗಿ ಬರೆಯುವ ಪೆನ್ನು ಕೈಯಲ್ಲೇ ಹಿಡಿದು ನನ್ನ ಬಾಯಿ ನೋಡುತ್ತ ಕೂತಳು. ಅಕ್ಷರ ಉರ್ದು, ಮಾತು ಕನ್ನಡ. ಇಡೀ ಪುಸ್ತಕ ಹಾಗೆಯೇ ಇದೆ.

ಇದನ್ನು ನಿಮಗೂ ಸ್ವಲ್ಪ ಬಿಡಿಸಿ ಹೇಳಬೇಕು. ಗೌಡರು ಹುಟ್ಟಿದ್ದು ಯಲಬುರ್ಗಿ ಸೀಮೆಯಲ್ಲಿ. ಆಗ ನಮ್ಮ ಕಡೆ ನಿಜಾಮರ ಆಳ್ವಿಕೆ. ಶಾಲೆಗೆ ನಾವು ಸಾಲಿ ಎನ್ನುತ್ತೇವೆ, ಆಗ ಸಾಲಿ ಅಂದರೆ ಉರ್ದು ಸಾಲಿ. ಮನೆಯಲ್ಲಿ ಕನ್ನಡ, ಹೊಲದಲ್ಲಿ ಕನ್ನಡ, ಮಠದಲ್ಲಿ ಕನ್ನಡ, ಅಕ್ಷರ ಮಾತ್ರ ಅಲೀಫ್ ಬೇ. ಗೌಡರು ಏಳನೆಯ ಜಮಾತಿನವರೆಗೆ ಹಾಗೆ ಓದಿ ಒಕ್ಕಲುತನಕ್ಕೆ ನಿಂತರು. ಮುಂದೆ ನಿಜಾಮರು ಹೋದರು, ನಾಡು ಒಂದಾಯಿತು, ಕಚೇರಿ ಕಾಗದವೆಲ್ಲ ಮೆಲ್ಲಗೆ ಕನ್ನಡಕ್ಕೆ ತಿರುಗಿತು. ಅಷ್ಟರಲ್ಲಿ ಗೌಡರಿಗೆ ಮೂವತ್ತು ದಾಟಿ, ಮೀಸೆ ಬಲಿತು, ಪಂಚಾಯತಿಯಲ್ಲಿ ನಾಲ್ಕು ಮಂದಿ ಅವರ ಮಾತು ಕೇಳುವಂತಾಗಿತ್ತು. ಆ ವಯಸ್ಸಿನಲ್ಲಿ ಪಾಟಿ ಹಿಡಿದು ಯಾರ ಮುಂದೆ ಕೂಡುವುದು? ಬಸ್ಸಿನ ಬೋರ್ಡಿನ ಗುರುತು ಸಿಕ್ಕುವಷ್ಟು ಕನ್ನಡ ಕಲಿತರು, ಸಹಿ ಕಲಿತರು, ಅಲ್ಲಿಗೆ ಬಿಟ್ಟರು. ಆ ಸಹಿಯನ್ನು ಮಾತ್ರ ಅದೆಷ್ಟು ತಿದ್ದಿದ್ದರೋ, ಅದನ್ನು ನೋಡಿದ ಯಾರಿಗೂ ಈ ಮನುಷ್ಯನಿಗೆ ಉಳಿದ ಅಕ್ಷರ ಬಾರದೆಂದು ಕನಸಿನಲ್ಲೂ ಹೊಳೆಯುವಂತಿರಲಿಲ್ಲ.

ನಾನು ಕೊಪ್ಪಳದ ದಖನಿ ಮಾತಿನ ಮನೆಯವನು. ಅಪ್ಪ ಉರ್ದು ಕಲಿಸಿದ, ಸಾಲಿ ಕನ್ನಡ ಕಲಿಸಿತು. ಎಪ್ಪತ್ತರ ದಶಕದ ಆರಂಭದಲ್ಲಿ ಒಂದು ಪ್ರಾಥಮಿಕ ಶಾಲೆಯಲ್ಲಿ ಹಂಗಾಮಿ ಮಾಸ್ತರಿಕೆ ಮಾಡುತ್ತಿದ್ದೆ. ಹಂಗಾಮಿ ಅಂದರೆ ನಾಳೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಗೌಡರು ಮೊದಲ ಸಲ ಶಾಸಕರಾಗಿ ಬಂದವರು ಹೇಳಿ ಕಳಿಸಿದರು. ಮಡಿ ಅಂಗಿ ತೊಟ್ಟು ಯಲಬುರ್ಗಿಗೆ ಹೋದೆ. ಬಿಳಿ ಧೋತರ, ಕರಿ ಕೋಟು, ಕೇಸರಿ ಅಂಚಿನ ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಒಂದು ಕನ್ನಡ ಕಾಗದ ಕೊಟ್ಟು, ಇದನ್ನು ಉರ್ದುವಿನಲ್ಲಿ ಬರೆದು ಕೊಡಿ ಎಂದರು. ಇದು ಪರೀಕ್ಷೆ ಎಂದುಕೊಂಡು ಅಪ್ಪ ಕಲಿಸಿದ ಕಠಿಣ ಉರ್ದುವನ್ನೆಲ್ಲ ಸುರಿದು ಅನುವಾದ ಮಾಡಿಕೊಟ್ಟೆ. ಗೌಡರು ಓದಿ, ಹೊಟ್ಟೆ ಕುಣಿಯುವಂತೆ ನಕ್ಕರು.

“ಮಾಸ್ತರ, ನಂಗ ಉರ್ದು ಮಾತು ಬ್ಯಾಡ್ರಿ. ಮಾತು ಕನ್ನಡಾನ ಇರ್ಲಿ. ಅಕ್ಷರ ಅಷ್ಟ ನಾ ಕಲ್ತಾವು ಇರ್ಲಿ.”

ನನ್ನ ಪಾಂಡಿತ್ಯ ಅಲ್ಲಿಗೆ ಇಳಿಯಿತು, ಕೆಲಸ ಶುರುವಾಯಿತು. ಬೆಳಗಿನ ಚಹಾಕ್ಕೂ ಮೊದಲು ಅಂದಿನ ಕನ್ನಡ ಅರ್ಜಿ, ಟಿಪ್ಪಣಿ, ಕಡತಗಳ ಸಾರವನ್ನೆಲ್ಲ ಉರ್ದು ಅಕ್ಷರದಲ್ಲಿ ಇಳಿಸಿಡಬೇಕು. ಅವರು ಚಹಾ ಕುಡಿಯುತ್ತ ಓದಿ ಮುಗಿಸುವರು. ಉರ್ದುವಿನಲ್ಲಿ ಳಕಾರ, ಣಕಾರ ಇಲ್ಲ. ಅವಕ್ಕೆ ನಾನೇ ಚುಕ್ಕಿಗಳ ಗುರುತು ಮಾಡಿದೆ. ಆ ಚುಕ್ಕಿ ಲೋಕದಲ್ಲಿ ಇಬ್ಬರಿಗೇ ಗೊತ್ತು. ಗುಟ್ಟು ಗೊತ್ತಿದ್ದವರು ಮೂರು ಮಂದಿ, ಗೌಡರು, ಗೌಡಸಾನಿಯವರು, ನಾನು. ಉಳಿದವರಿಗೆ ನಾನು ಅರ್ಜಿ ಬರೆಯುವ, ಚೀಲ ಹಿಡಿಯುವ ಒಬ್ಬ ಮಾಸ್ತರ.

ಇಷ್ಟು ಮುಚ್ಚಿಡುವಂಥದ್ದು ಏನಿತ್ತು ಎಂದು ನೀವು ಕೇಳಬಹುದು. ಮಂತ್ರಿಗೆ ಇಂಗ್ಲಿಷ್ ಬಾರದಿದ್ದರೆ ಆಗ ಯಾರೂ ನಗುತ್ತಿರಲಿಲ್ಲ, ಮಣ್ಣಿನ ಮಗ ಎಂದು ಹೊಗಳುತ್ತಿದ್ದರು. ಕನ್ನಡ ಓದಲು ಬಾರದಿದ್ದರೆ? ಕನ್ನಡದಲ್ಲೇ ಆಡಳಿತ ನಡೆಸಬೇಕೆಂದು ಎಲ್ಲೆಡೆ ಹುರುಪು ಎದ್ದ ದಿನಗಳವು. ಎದುರು ಪಕ್ಷದವರು ಮೊದಲೇ ಗೌಡರನ್ನು ನಿಜಾಮರ ಕಾಲದ ಮನುಷ್ಯ ಎಂದು ಹಂಗಿಸುತ್ತಿದ್ದರು. ಈ ಸುದ್ದಿ ಸಿಕ್ಕರೆ ಬಿಟ್ಟಾರೆಯೇ? ಅದಕ್ಕಿಂತ ದೊಡ್ಡದು ಗೌಡರ ಸ್ವಂತ ನಾಚಿಕೆ. ಒಂದು ತಾಸು ಕಾಗದವಿಲ್ಲದೆ ಮಾತಾಡಿ ಜಾತ್ರೆಯಷ್ಟು ಮಂದಿಯನ್ನು ಕೂರಿಸುವ ಮನುಷ್ಯ, ಎದುರು ಬಂದವನ ಅಪ್ಪ, ಅಜ್ಜ, ಅವನ ಹೊಲದ ಬದು ಎಲ್ಲ ನೆನಪಿನಿಂದ ಹೇಳುವ ಮನುಷ್ಯ, ಮದುವೆಯ ಕಾರ್ಡು ಕೈಗೆ ಬಂದರೆ ಬೆವರುತ್ತಿದ್ದರು. ಕಾರ್ಡನ್ನು ಹಣೆಗೊತ್ತಿ, “ನೀವಽ ಬಾಯಿಲೆ ಹೇಳ್ರಿ, ಕರಿಯೂದು ಅಂದ್ರ ಬಾಯಿಲೆ ಕರೀಬೇಕು” ಎನ್ನುವರು. ಕೊಟ್ಟವರು ಏನು ಸಂಪ್ರದಾಯಸ್ಥರಪ್ಪ ಎಂದು ಕೈ ಮುಗಿಯುವರು. ನಾನು ಪಕ್ಕದಲ್ಲಿ ನಿಂತು ಗೋಡೆ ನೋಡುವೆ.

ಎರಡನೆಯ ಸಲ ಗೆದ್ದಾಗ ಗೌಡರಿಗೆ ಒಂದು ಸಣ್ಣ ಖಾತೆಯ ಮಂತ್ರಿಗಿರಿ ಬಂತು. ಸಾಲಿಗಳಿಗೆ ಸಂಬಂಧಿಸಿದ್ದೇ. ಪ್ರಮಾಣವಚನದ ಹಿಂದಿನ ಎರಡು ದಿನ ನನಗೆ ಊಟ ಸೇರಲಿಲ್ಲ. ವಚನವನ್ನು ಉರ್ದು ಅಕ್ಷರದಲ್ಲಿ ಬರೆದುಕೊಟ್ಟು ಬಾಯಿಪಾಠ ಮಾಡಿಸಿದೆ. ಆ ದಿನ ಅವರ ಕೈಗೆ ಕನ್ನಡದ ಹಾಳೆ ಬಂತು. ಗಂಭೀರವಾಗಿ ಹಿಡಿದು ಒಂದಕ್ಷರ ತಪ್ಪದೆ ಹೇಳಿದರು. ನಾನು ಹಿಂದಿನ ಸಾಲಿನಲ್ಲಿ ನಿಂತು ನೋಡುತ್ತಿದ್ದೆ. ಅವರ ಕಣ್ಣು ಹಾಳೆಯ ಮೇಲೆ ಬಲದಿಂದ ಎಡಕ್ಕೆ ಸರಿಯುತ್ತಿತ್ತು. ಅದನ್ನು ಇನ್ನಾರಾದರೂ ನೋಡಿಯಾರೆಂದು ನಾನು ಸುತ್ತ ಇದ್ದವರ ಮುಖ ಒಂದೊಂದಾಗಿ ನೋಡಿದೆ. ಯಾರೂ ನೋಡಲಿಲ್ಲ. ಆ ಕಡೆ ಎಲ್ಲರೂ ತಮ್ಮ ತಮ್ಮ ಸರದಿಯ ಚಿಂತೆಯಲ್ಲಿದ್ದರು.

ಮಂತ್ರಿಯಾದ ಮೇಲೂ ಅವರು ತಿಂಗಳಲ್ಲಿ ಹತ್ತು ದಿನ ಕೊಪ್ಪಳದ ಪ್ರವಾಸಿ ಮಂದಿರದಲ್ಲೇ ಬಿಡಾರ. ಕೊಪ್ಪಳ ಆಗ ರಾಯಚೂರು ಜಿಲ್ಲೆಯ ಒಂದು ತಾಲೂಕು. ಬೆಂಗಳೂರಿನಿಂದ ಜವಾನನೊಬ್ಬ ಕಡತದ ಪೆಟ್ಟಿಗೆ ಹೊತ್ತು ತರುವನು, ಸಹಿಯಾದದ್ದನ್ನು ತಿರುಗಿ ಒಯ್ಯುವನು. ಇಂಗ್ಲಿಷ್ ಕಡತವಿದ್ದರೆ ಬೆಂಗಳೂರಿನ ಕಾರ್ಯದರ್ಶಿ ಫೋನಿನಲ್ಲಿ ವಿವರಿಸುತ್ತಿದ್ದ. ಕನ್ನಡದವನ್ನು ಮಂತ್ರಿಗಳೇ ಓದುತ್ತಾರಲ್ಲ ಎಂದು ಸುಮ್ಮನಿರುತ್ತಿದ್ದ. ಅವು ನನ್ನ ಪಾಲು.

ಈಗ ನಾನು ಹೋದ ಮದುವೆಮನೆಯ ವಿಷಯ ಬರುತ್ತದೆ. ಅದನ್ನು ಆದಷ್ಟು ಮುಂದೂಡುತ್ತಿದ್ದೇನೆ ಎಂದು ನಿಮಗೂ ಗೊತ್ತಾಗಿರಬೇಕು. ನನ್ನ ಹೆಂಡತಿಯ ತಂಗಿಯ ಮದುವೆ ಗಂಗಾವತಿಯಲ್ಲಿ. ನಾಲ್ಕು ದಿನ ರಜೆ ಕೇಳಿದೆ. ಐದನೆಯ ದಿನ ಬೆಳಿಗ್ಗೆ ಬಂದುಬಿಡಿ, ಪೆಟ್ಟಿಗೆ ಬರುತ್ತದೆ ಎಂದು ಗೌಡರು ಹೇಳಿ ಕಳಿಸಿದರು. ನಿಮಗೆ ಗಂಗಾವತಿ ಗೊತ್ತಿದ್ದರೆ ಹೇಳಬೇಕಾದ್ದಿಲ್ಲ. ಕಾಲುವೆ ನೀರು ಬಂದು ಬತ್ತ ಬೆಳೆದ ನೆಲ, ಎಲ್ಲಿ ನೋಡಿದರೂ ಹಸಿರು, ಅಕ್ಕಿ ಗಿರಣಿಯ ಹೊಟ್ಟಿನ ಧೂಳು, ಅಂಗಡಿಗೆ ಹೋದರೆ ತೆಲುಗು. ಜೋಳದ ರೊಟ್ಟಿ ತಿಂದು ಬೆಳೆದ ನಮ್ಮಂಥವರಿಗೆ ಅಲ್ಲಿ ದಿನವೂ ಹಬ್ಬ. ಅದರಲ್ಲೂ ನಾನು ಹಿರಿಯ ಅಳಿಯ, ಮಂತ್ರಿಯ ಕಡೆಯವನು. ಮಾವ ಎದ್ದು ಕುರ್ಚಿ ಕೊಟ್ಟರು. ನಾಲ್ಕನೆಯ ದಿನ ಹೊರಡಲು ಚೀಲ ತೆಗೆದರೆ ಅತ್ತೆ ಬಚ್ಚಿಟ್ಟರು. ಐದನೆಯ ದಿನ ಷಡ್ಡಕರು ಸಾಣಾಪುರದ ಕೆರೆಗೆ ಮೀನು ತಿನ್ನಲು ಎಳೆದುಕೊಂಡು ಹೋದರು. ಎಳೆದುಕೊಂಡು ಹೋದರು ಎನ್ನುವುದೂ ಸುಳ್ಳೇ. ಕರೆದರು, ನಾನು ಮೊದಲು ಹೋಗಿ ಗಾಡಿ ಹತ್ತಿದೆ. ಆಮೇಲೆ ಇನ್ನೊಂದು ಮನೆಯ ಔತಣ, ಮತ್ತೊಂದು ಮನೆಯ ಔತಣ. ಹತ್ತನೆಯ ದಿನ ಕೊಪ್ಪಳಕ್ಕೆ ಬಂದೆ, ತಲೆಗೆ ಅತ್ತರು ಹಚ್ಚಿಕೊಂಡು.

ಪೆಟ್ಟಿಗೆ ಬಂದು ಹೋಗಿತ್ತು. ಗೌಡರು ಐದನೆಯ ದಿನ ಕಾದಿದ್ದರು. ಆರನೆಯ ದಿನ ಜವಾನನಿಗೆ ಊಟ ಹಾಕಿಸಿ ಇನ್ನೊಂದು ದಿನ ಇರಿಸಿಕೊಂಡಿದ್ದರು. ಏಳನೆಯ ದಿನ ಬೆಂಗಳೂರಿನಿಂದ ಟ್ರಂಕ್ ಕಾಲ್ ಬಂತು. ಎಲ್ಲ ಸಾಮಾನ್ಯ ಕಡತ, ಸಹಿ ಬಿದ್ದರೆ ಸಾಕು ಎಂದ ಕಾರ್ಯದರ್ಶಿ. ಪ್ರವಾಸಿ ಮಂದಿರದಲ್ಲಿ ಓದಬಲ್ಲವರಿಗೆ ಕೊರತೆ ಇರಲಿಲ್ಲ. ಹೊರಗೆ ಗುಮಾಸ್ತರಿದ್ದರು, ಮುಖಂಡರಿದ್ದರು. ಅವರನ್ನು ಕರೆದು ಓದಿಸುವುದೆಂದರೆ ಗುಟ್ಟು ಒಡೆಯುವುದು. ಗೌಡರು ಬಾಗಿಲು ಮುಂದೆ ಮಾಡಿಕೊಂಡು ಕೂತು ಎಲ್ಲಕ್ಕೂ ಸಹಿ ಹಾಕಿ ಕಳಿಸಿಬಿಟ್ಟಿದ್ದರು. ಇದೆಲ್ಲ ನನಗೆ ಹೇಳಿದವನು ಅಡಿಗೆಯವನು. ಗೌಡರು ನನಗೆ ಹೇಳಿದ್ದು ಒಂದೇ ಮಾತು, ಮದುವಿ ಛಲೋ ಆತೇನ್ರಿ ಎಂದು. ಆತ್ರಿ ಎಂದೆ.

ಮುಂದೆ ಒಂದು ತಿಂಗಳಾಗಿರಬೇಕು. ಕುಷ್ಟಗಿಯ ಆಚೆಗಿನ ಒಂದು ಹಳ್ಳಿಯಿಂದ ಹತ್ತು ಹನ್ನೆರಡು ಮಂದಿ ಪ್ರವಾಸಿ ಮಂದಿರಕ್ಕೆ ಬಂದರು. ಊರಿನ ಹೆಸರು ಬೇಡ, ಈಗಿನವರು ನನ್ನ ಮೇಲೆ ಜಗಳಕ್ಕೆ ಬಂದಾರು. ಆ ಸುತ್ತಿನಲ್ಲಿ ಏಳನೆಯ ತರಗತಿ ಮುಗಿದರೆ ಮುಂದಿನ ಸಾಲಿಗೆ ಹದಿನಾರು ಮೈಲಿ. ಗಂಡುಹುಡುಗರು ಹೇಗೋ ಹೋಗಿ ಯಾರದೋ ಮನೆಯಲ್ಲಿ ಉಳಿಯುತ್ತಿದ್ದರು, ಹೆಣ್ಣುಮಕ್ಕಳ ಓದು ಏಳಕ್ಕೇ ನಿಲ್ಲುತ್ತಿತ್ತು. ಗೌಡರು ಓಡಾಡಿ ಆ ಊರಿಗೊಂದು ಹೈಸ್ಕೂಲು ಮಂಜೂರು ಮಾಡಿಸಿದ್ದರು. ತಾವೇ ಹೋಗಿ ಗುದ್ದಲಿ ಹಾಕಿ ಬಂದಿದ್ದರು. ಊರವರು ಜಾಗ ಬಿಟ್ಟುಕೊಟ್ಟು, ಬೇಸಿಗೆಯೆಲ್ಲ ಗಾಡಿ ಹೂಡಿ ಗುಡ್ಡದ ಕಲ್ಲು ತಂದು ಒಟ್ಟಿದ್ದರು. ಈಗ ಆ ಹೈಸ್ಕೂಲನ್ನು ಕಾಲುವೆ ಕಡೆಯ ಬೇರೊಂದು ಊರಿಗೆ ವರ್ಗಾಯಿಸಲಾಗಿದೆ ಎಂದು ಕಾಗದ ಬಂದಿದೆ. ಹೀಗಂತ ಅವರು ಹೇಳಿದಾಗ ಗೌಡರು ಕೆಂಡವಾದರು. ಯಾವನು ಹಾಗೆ ಮಾಡಿದವನು, ಅವನ ಕೈ ಮುರಿಸುತ್ತೇನೆ ಎಂದರು.

ಬಂದವರಲ್ಲಿ ಶಂಕ್ರಪ್ಪ ಎಂಬ ಸಾಲಿ ಮಾಸ್ತರನೊಬ್ಬನಿದ್ದ. ಅವನು ಜೇಬಿನಿಂದ ಆದೇಶದ ಪ್ರತಿ ತೆಗೆದು ಗೌಡರ ಕೈಗಿತ್ತ. ಗೌಡರು ನೋಡಿದರು. ಆ ಹಾಳೆಯ ತುಂಬ ಕನ್ನಡ. ಅದರಲ್ಲಿ ಅವರಿಗೆ ಓದಲು ಬರುವಂಥದ್ದು ಒಂದೇ ಇತ್ತು, ಕೆಳಗಿನ ಅವರ ಸಹಿ. ಅದರ ಮೇಲೆ ಬೆರಳಾಡಿಸಿದರು. ಆಮೇಲೆ ಹಾಳೆಯನ್ನು ನನ್ನ ಕಡೆ ಚಾಚಿದರು.

“ಮಾಸ್ತರ, ಓದ್ರಿ.”

ಮೊದಲ ಸಲ ಮಂದಿಯ ಎದುರು ಅವರು ನನಗೆ ಓದಲು ಹೇಳಿದ್ದು. ನಾನು ಓದಿದೆ. ಸ್ಥಳ ಬದಲಾವಣೆಗೆ ಮಂತ್ರಿಗಳ ಒಪ್ಪಿಗೆ ಪಡೆಯಲಾಗಿದೆ ಎಂಬಲ್ಲಿಗೆ ಬಂದವನು ಮೇಲಿನ ತಾರೀಖು ನೋಡಿದೆ. ಕಾಗದದ ತಾರೀಖು ನನ್ನ ರಜೆಯ ದಿನಗಳ ಒಳಗಿತ್ತು. ರಜೆಯ ಒಳಗಲ್ಲ, ರಜೆ ಮುಗಿದ ಮೇಲಿನ ಔತಣದ ದಿನಗಳ ಒಳಗೆ. ಗೌಡರು ಊರವರಿಗೆ ಎಂಟು ದಿನ ಕೇಳಿದರು. ಎಂಟು ದಿನಕ್ಕೆ ತಾವೇ ಅವರ ಊರಿಗೆ ಬರುವುದಾಗಿ ಹೇಳಿ, ಚಹಾ ಕುಡಿಸಿ ಕಳಿಸಿದರು.

ಮಂದಿ ಹೋದ ಮೇಲೆ ನಾನು ನನ್ನ ಬುದ್ಧಿವಂತಿಕೆ ತೋರಿಸಿದೆ. ಕಾರ್ಯದರ್ಶಿ ಮೋಸ ಮಾಡಿದ ಎಂದು ಹೇಳಿಬಿಡೋಣ, ಅಧಿಕಾರಿಗಳು ತಪ್ಪು ಮಾಹಿತಿ ಕೊಟ್ಟರು ಎಂದರೆ ಯಾರೂ ಕೇಳುವುದಿಲ್ಲ, ಎಲ್ಲ ಮಂತ್ರಿಗಳೂ ಹಾಗೇ ಅನ್ನುತ್ತಾರೆ ಎಂದೆ. ನಾನು ತಡಮಾಡಿದೆ, ತಪ್ಪು ನನ್ನದು ಎಂಬುದನ್ನು ಮಾತ್ರ ಹೇಳಲಿಲ್ಲ. ಹಂಗಾಮಿ ಬದುಕಿನ ಭಯ ಎನ್ನಿ, ಹೇಡಿತನ ಎನ್ನಿ. ನಾನು ಎರಡನೆಯದನ್ನೇ ಅನ್ನುತ್ತೇನೆ. ಗೌಡರು ಕಿಟಕಿಯ ಹೊರಗೆ ನೋಡುತ್ತಿದ್ದವರು ತಿರುಗಿದರು.

“ಸಹಿ ಯಾರದೈತ್ರಿ?”

“ನಿಮ್ದರಿ.”

“ಮತ್ತ ಅವ್ರದ್ಹೆಂಗ ತಪ್ಪಾಕ್ಕೈತಿ? ನಾಳಿಂದ ನಂಗ ಅಕ್ಷರ ಕಲಸ್ರಿ. ಆ ಕಡತದಾಗ ನಾನಽ ನನ್ನ ಕೈಯಾರ ಬರೀಬೇಕು.”

ಕಡತವನ್ನು ಬೆಂಗಳೂರಿನಿಂದ ತರಲು ಹೇಳಿ ಕಳಿಸಿದರು. ಮರುದಿನ ಬೆಳಿಗ್ಗೆಯಿಂದ ಪಾಠ ಶುರು. ಎಂಟು ದಿನದಲ್ಲಿ ಕನ್ನಡವೆಲ್ಲ ಕಲಿಸಲು ಯಾವ ಮಾಸ್ತರನಿಂದ ಸಾಧ್ಯ? ಅವರು ಬರೆಯಬೇಕೆಂದಿದ್ದ ಮೂರು ವಾಕ್ಯಗಳಿಗೆ ಯಾವ ಯಾವ ಅಕ್ಷರ ಬೇಕೋ ಅಷ್ಟನ್ನೇ ಆರಿಸಿಕೊಂಡೆ. ಹಳೆಯ ಮದುವೆ ಕಾರ್ಡುಗಳ ಬೆನ್ನ ಮೇಲೆ ತಿದ್ದಿಸಿದೆ. ನಲವತ್ತು ವರ್ಷ ಬಲದಿಂದ ಎಡಕ್ಕೆ ಓಡಿದ ಕೈ, ಈಗ ಎಡದಿಂದ ಬಲಕ್ಕೆ ಹೊರಟರೆ ನಡುವೆಯೇ ನಿಂತುಬಿಡುತ್ತಿತ್ತು. ನೇಗಿಲು ಹಿಡಿದ ಬೆರಳು ಪೆನ್ನನ್ನು ಅದೆಷ್ಟು ಒತ್ತುತ್ತಿತ್ತೆಂದರೆ ಎರಡು ನಿಬ್ಬು ಮುರಿದವು. ಕೆಂಪು ದೀಪದ ಕಾರಿನಲ್ಲಿ ಓಡಾಡುವ, ಐವತ್ತು ದಾಟಿದ ಮನುಷ್ಯ ನನ್ನ ಮುಂದೆ ನಾಲಿಗೆ ಹೊರಗೆ ಚಾಚಿ ತಲಕಟ್ಟು ಎಳೆಯುತ್ತಿದ್ದರು. ತಪ್ಪಿದರೆ ತಾವೇ ತಮ್ಮ ಕೈಗೆ ಹೊಡೆದುಕೊಳ್ಳುವರು. ಒಂದು ದಿನ ನಗು ತಡೆಯಲಾಗದೆ ನಾನು ಹೊರಗೆ ಹೋದೆ. ಹೊರಗೆ ಹೋದ ಮೇಲೆ ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂತು.

ಎಂಟನೆಯ ದಿನ ಆ ಊರಿಗೆ ಹೋದೆವು. ಊರ ಹೊರಗೆ ಬಯಲಿನಲ್ಲಿ ಕಲ್ಲಿನ ಒಟ್ಟಿಲು, ಸುತ್ತ ಮಂದಿ. ಹಾರ ತಂದಿರಲಿಲ್ಲ, ಡೊಳ್ಳಿರಲಿಲ್ಲ. ಗೌಡರು ಮೆಟ್ಟು ಕಳಚಿ ಒಂದು ಕಲ್ಲಿನ ಮೇಲೆ ನಿಂತರು. ನಾನು ಅವರ ಭಾಷಣಗಳನ್ನು ನೂರಾರು ಕೇಳಿದ್ದೇನೆ, ಅಷ್ಟು ಸಣ್ಣದನ್ನು ಕೇಳಿರಲಿಲ್ಲ.

“ಆ ಕಾಗದಕ್ಕ ಸಹಿ ಮಾಡಿದಾವ ನಾನಽ. ಓದಿ ಮಾಡ್ಲಿಲ್ಲ. ಯಾಕಂದ್ರ, ನಂಗ ಕನ್ನಡ ಓದಾಕ ಬರೂದಿಲ್ಲ.”

ಮಂದಿ ನಕ್ಕರು. ಗೌಡರು ಚೇಷ್ಟೆ ಮಾಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತಲ್ಲ. ಗೌಡರು ನಗಲಿಲ್ಲ. ನಗು ಮುಂದಿನ ಸಾಲಿನಿಂದ ಹಿಂದಕ್ಕೆ ಒಂದೊಂದಾಗಿ ನಿಂತುಹೋಯಿತು. ಅವರು ಉರ್ದು ಸಾಲಿಯ ಕಥೆ ಹೇಳಿದರು, ಇಷ್ಟು ವರ್ಷ ನಾಚಿಕೆಯಿಂದ ಮುಚ್ಚಿಟ್ಟದ್ದನ್ನು ಹೇಳಿದರು. ತಮ್ಮ ನಾಚಿಕೆ ಉಳಿಸಿಕೊಳ್ಳಲು ಹೋಗಿ ಈ ಊರಿನ ಮಕ್ಕಳ ಸಾಲಿ ಕಳೆದೆ ಎಂದರು. ಆಮೇಲೆ ಕಲ್ಲಿನ ಮೇಲೇ ಕೂತು ನನ್ನ ಕೈಯಿಂದ ಕಡತ ಇಸಿದುಕೊಂಡರು. ತೊಡೆಯ ಮೇಲಿಟ್ಟು ಬರೆಯತೊಡಗಿದರು.

ಮೂರು ವಾಕ್ಯ. ‘ಇದನ್ನು ನಾನು ಓದದೆ ಸಹಿ ಮಾಡಿದೆ. ಅದು ನನ್ನ ತಪ್ಪು. ಹಿಂದಿನ ಆದೇಶ ರದ್ದು.’ ನೀವು ಇದನ್ನು ಓದಲು ಎಷ್ಟು ಹೊತ್ತು ಹಿಡಿಯಿತು? ಗೌಡರಿಗೆ ಬರೆಯಲು ಹೆಚ್ಚೂಕಡಿಮೆ ಅರ್ಧ ತಾಸು ಹಿಡಿಯಿತು. ಅಷ್ಟೂ ಹೊತ್ತು ಆ ಮಂದಿ ಬಿಸಿಲಲ್ಲೇ ನಿಂತಿದ್ದರು. ಸಾಲಿಗೆ ಹೋಗುವ ಮಕ್ಕಳು ಹತ್ತಿರ ಬಂದು ಅವರ ಪೆನ್ನನ್ನೇ ನೋಡುತ್ತಿದ್ದವು. ಒಂದು ಕಡೆ ಒತ್ತಕ್ಷರ ಮರೆತು ಪೆನ್ನು ನಿಂತಿತು. ನಾನು ಬಾಯಿ ತೆರೆಯುವ ಮೊದಲು ಒಂದು ಹುಡುಗಿ ಬಗ್ಗಿ, ನೆಲದ ಮಣ್ಣಿನಲ್ಲಿ ಬೆರಳಿನಿಂದ ಬರೆದು ತೋರಿಸಿದಳು. ಗೌಡರು ಅವಳ ಮುಖ ನೋಡಿ, ಮಣ್ಣು ನೋಡಿ, ಹಾಗೆಯೇ ಬರೆದರು. ಆ ಹೊತ್ತಿನಲ್ಲಿ ನನಗೆ ಆ ಮನುಷ್ಯನ ಕಾಲು ಹಿಡಿಯಬೇಕೆನಿಸಿತು. ದೊಡ್ಡವರೆನಿಸಿಕೊಂಡವರನ್ನು ನಾನು ಆಮೇಲೂ ಬೇಕಾದಷ್ಟು ನೋಡಿದ್ದೇನೆ. ಅಷ್ಟು ಎತ್ತರದಲ್ಲಿ ಯಾರನ್ನೂ ನೋಡಿಲ್ಲ, ಅವರು ಕೂತಿದ್ದು ಮಾತ್ರ ನೆಲಕ್ಕೆ ಹತ್ತಿದ ಒಂದು ಕಲ್ಲಿನ ಮೇಲೆ.

ಗುಂಪಿನಲ್ಲಿದ್ದ ಹನಮವ್ವ ಎಂಬ ಮುದುಕಿ ಮುಂದೆ ಬಂದು ಗೌಡರ ಗಲ್ಲ ಮುಟ್ಟಿ ನೆಟಿಕೆ ಮುರಿದಳು. “ನೀನೂ ನಮ್ಮಂಗಽ ಅದಿ ಏನೋ ಯಪ್ಪಾ. ಇಷ್ಟ್ ದಿನ ಯಾಕ ಹೇಳ್ಲಿಲ್ಲೋ” ಎಂದಳು. ಮಂದಿ ಸಡಿಲಾದರು. ಆಗ ಸಾಲಿ ಮಾಸ್ತರ ಶಂಕ್ರಪ್ಪ, ಬಂದ ದಿನದಿಂದ ನನ್ನನ್ನೇ ಗಮನಿಸುತ್ತಿದ್ದವನು, ಮೆಲ್ಲಗೆ ಕೇಳಿದ.

“ಅಲ್ರಿ ಗೌಡ್ರ, ನಿಮಗ ಓದಿ ಹೇಳಾವ್ರು ಇದ್ರಲ್ರಿ. ಅವತ್ತ ಅವ್ರು ಎಲ್ಲಿ ಹೋಗಿದ್ರು?”

ಎಲ್ಲರ ಮುಖ ನನ್ನ ಕಡೆ ತಿರುಗಿತು. ಗೌಡರು ನನ್ನ ಕಡೆ ನೋಡಲಿಲ್ಲ. ಪೆನ್ನಿನ ಟೊಪ್ಪಿಗೆ ತಿರುವುತ್ತ, ಮಳೆ ಬೆಳೆಯ ಮಾತಾಡುವಷ್ಟು ಸಲೀಸಾಗಿ ಹೇಳಿದರು.

“ಅವ್ರು ರಜಾದಾಗ ಇದ್ರು. ರಜಾ ನಾನಽ ಕೊಟ್ಟಿದ್ದೆ.”

ಜೀವಮಾನದಲ್ಲಿ ಗೌಡರು ಇನ್ನೊಬ್ಬರಿಗಾಗಿ ಸುಳ್ಳು ಹೇಳಿದ್ದನ್ನು ನಾನು ಕಂಡಿದ್ದು ಅದೊಂದೇ. ತಮ್ಮ ಬಗ್ಗೆ ಅಷ್ಟು ಖರೆ ಹೇಳಿದ ಅದೇ ಬಾಯಿಂದ, ಅದೇ ಕಲ್ಲಿನ ಮೇಲೆ, ನನಗಾಗಿ ಒಂದು ಸುಳ್ಳು. ಹೌದೆಂಬಂತೆ ನಾನು ಸ್ವಲ್ಪ ತಲೆಯಾಡಿಸಿದೆ ಎಂದು ನೆನಪು.

ಮುಂದಿನದು ಬೇಗ ಆಯಿತು. ಸಾಲಿ ಆ ಊರಿಗೆ ಬಂತು. ಕಡತದಲ್ಲಿನ ಮೂರು ವಾಕ್ಯ ಬೆಂಗಳೂರಿನಲ್ಲಿ ಕೈಯಿಂದ ಕೈಗೆ ಹೋಗಿ ನಗೆಪಾಟಲಾಯಿತು. ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರ ಬಂದವು. ಕಡತದಲ್ಲಿ ಹಾಗೆಲ್ಲ ಬರೆಯುವ ಪದ್ಧತಿ ಇಲ್ಲ ಎಂದು ಮೇಲಿನವರು ಸಿಟ್ಟಾದರು. ಮಂತ್ರಿಮಂಡಲ ಬದಲಾದಾಗ ಗೌಡರ ಹೆಸರಿರಲಿಲ್ಲ. ಮುಂದಿನ ಚುನಾವಣೆಗೆ ಟಿಕೆಟ್ಟೂ ಸಿಗಲಿಲ್ಲ. ಹಟಕ್ಕೆ ಬಿದ್ದು ಪಕ್ಷೇತರರಾಗಿ ನಿಂತು ಸೋತರು. ಸೋತ ಮರುದಿನ ಬೆಳಿಗ್ಗೆ ಹೋದರೆ ಕಟ್ಟೆಯ ಮೇಲೆ ಪತ್ರಿಕೆ ಹಾಸಿಕೊಂಡು ಬೆರಳಿಟ್ಟು ಓದುತ್ತಿದ್ದರು. ತಮ್ಮ ಸೋಲಿನ ಸುದ್ದಿಯನ್ನು ತಾವೇ ಕೂಡಿಸಿ ಓದಿ ಮುಗಿಸಿ, ಮೇಲೆ ನೋಡಿ ಹಿಗ್ಗಿನಿಂದ ಹೇಳಿದರು, ಮಾಸ್ತರ, ಪೂರಾ ಓದಿದೆ ನೋಡ್ರಿ ಎಂದು.

ಎಂಬತ್ತರ ದಶಕದ ಕೊನೆಗೆ ಮಂಡಲ ಪಂಚಾಯತಿಗಳು ಬಂದಾಗ ಊರವರು ಗೌಡರನ್ನು ಎಳೆದು ತಂದು ಮಂಡಲದ ಪ್ರಧಾನರನ್ನಾಗಿ ಮಾಡಿದರು. ಮಂತ್ರಿಯಾಗಿದ್ದವರು ಮಂಡಲಕ್ಕೆ ಇಳಿದರು ಎಂದು ಆಡಿಕೊಂಡವರಿದ್ದರು. ಗೌಡರು ತಲೆ ಕೆಡಿಸಿಕೊಳ್ಳಲಿಲ್ಲ. ಬಾವಿ ದುರಸ್ತಿಯ ಕಾಗದವಿರಲಿ, ಬೀದಿ ದೀಪದ ಕಾಗದವಿರಲಿ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ, ಅಕ್ಷರ ಅಕ್ಷರ ಬಿಡಿಸಿ ಓದಿ ಆಮೇಲೆ ಸಹಿ. ಸಹಿಗೆ ಬಂದವರು ಅಲ್ಲೇ ಕೂತು ಕಾಯಬೇಕು. ಮುಂಜಾನೆ ಬರುವವರು ಮಧ್ಯಾಹ್ನದ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದರು. ಯಾರೂ ಬೇಸರ ಮಾಡಿದ್ದನ್ನು ನಾನು ನೋಡಲಿಲ್ಲ. ಕೊನೆಯವರೆಗೂ ನಾನು ಅವರ ಬಳಿ ಹೋಗಿ ಬರುತ್ತಿದ್ದೆ. ಗಂಗಾವತಿಯ ಆ ಐದು ದಿನಗಳ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವರು ಹೋದ ದಿನ, ಇನ್ನು ಎತ್ತಲು ಯಾರೂ ಇಲ್ಲ ಎಂದು ನನಗೆ ಒಂದು ಕ್ಷಣ ಹಗುರೆನಿಸಿತು. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಇಷ್ಟನ್ನೂ, ಗಂಗಾವತಿಯ ಭಾಗವೊಂದನ್ನು ಬಿಟ್ಟು, ಸುಜಾತಾಗೆ ಹೇಳಿದೆ. ನಾನು ರಜೆಯಲ್ಲಿದ್ದೆ ಎಂದಷ್ಟೇ ಹೇಳಿದೆ. ಅವಳು ಬರೆದುಕೊಂಡು ಹೋಗಿ ನಾಲ್ಕು ದಿನ ಬಿಟ್ಟು, ಅಚ್ಚುಕಟ್ಟಾಗಿ ಟೈಪು ಮಾಡಿದ ಹಾಳೆಗಳನ್ನು ತಂದಳು. ಸಮಿತಿಯವರಿಗೆ ನನ್ನ ಸಹಿ ಬೇಕಂತೆ, ಹೇಳಿದ್ದೆಲ್ಲ ನನ್ನದೇ ಎಂಬುದಕ್ಕೆ. ಸಮಿತಿಯವರು ಬರೆಸಿದ್ದ ಪರಿಚಯದಲ್ಲಿ ಗೌಡರು ಬಹುಭಾಷಾ ಪಂಡಿತರು ಎಂದಿತ್ತು. ಅದನ್ನು ತಾನೇ ಹೊಡೆದುಹಾಕಿರುವುದಾಗಿ ಹೇಳಿ ನಕ್ಕಳು. ಕೊನೆಯ ಹಾಳೆಯ ಕೆಳಗೆ ಬೆರಳಿಟ್ಟು ಸಹಿ ಹಾಕುವ ಜಾಗ ತೋರಿಸಿದಳು. ಆಮೇಲೆ ಸ್ವಲ್ಪ ಸಂಕೋಚದಿಂದ, “ನಮ್ಮವ್ವ ಅದಽ ಸಾಲ್ಯಾಗ ಕಲ್ತಾಕಿರಿ ಸರ್. ಮೊದಲನೇ ವರ್ಷದಾಕಿ. ಮಣ್ಣಾಗ ಅಕ್ಷರ ಬರದು ತೋರ್ಸಿದ್ದು ಯಾವ ಹುಡುಗಿ ಅಂತ ಆಕಿಗೆ ಗೊತ್ತೈತಂತ. ಯಾರಂತ ಕೇಳಿದ್ರ ನಗ್ತಾಳ್ರಿ” ಎಂದಳು.

ನಾನು ಪೆನ್ನು ತೆಗೆದಿದ್ದವನು ಕೆಳಗಿಟ್ಟೆ. ಓದುತ್ತೇನೆ, ತಡವಾಗುತ್ತದೆ, ಕೂಡು ಎಂದೆ. ಹೆಂಡತಿಗೆ ಚಹಾ ಇಡಲು ಹೇಳಿದೆ. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಬೆರಳಿಟ್ಟು, ಗಟ್ಟಿಯಾಗಿ ಓದಿದೆ. ‘ಗೌಡರ ಬರಹಗಾರರು ಆಗ ರಜೆಯಲ್ಲಿದ್ದರು’ ಎಂಬ ಸಾಲು ಬಂತು. ಅಲ್ಲಿ ನಿಂತೆ. ಆ ಸಾಲಿನ ಪಕ್ಕದ ಖಾಲಿ ಜಾಗದಲ್ಲಿ ನನ್ನ ಕೈಯಿಂದಲೇ ಬರೆದೆ. ‘ನಾಲ್ಕು ದಿನದ ರಜೆ ಕೇಳಿ ಹೋಗಿ ಔತಣಕ್ಕಾಗಿ ಒಂಬತ್ತು ದಿನ ಉಳಿದೆ. ಅದು ನನ್ನ ತಪ್ಪು.’

ಎಷ್ಟೋ ಸಾವಿರ ಹಾಳೆ ಬರೆದ ಕೈ ಅದು. ಆ ಎರಡು ವಾಕ್ಯಕ್ಕೆ ಚಹಾ ಆರಿ ತಣ್ಣಗಾಯಿತು. ಹುಡುಗಿ ಓದಿದಳು, ಮತ್ತೊಮ್ಮೆ ಓದಿದಳು, ಇದನ್ನೂ ಅಚ್ಚು ಹಾಕಿಸಬೇಕೇ ಎಂದು ಮೆಲ್ಲಗೆ ಕೇಳಿದಳು. ಹಾಕಿಸಬೇಕು ಎಂದೆ. ಆಮೇಲೆ ಅವಳು ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ.